ವೈಮಾನಿಕರ ಚರ್ಮದ ಜಾಕೆಟ್ಟು: ಹೊಸಬರಿಗೆ ಮೊದಲ ಪಾಠ

ಮೊದಲು ಕೈ ತೊಳೆದುಕೊಂಡು ಬನ್ನಿ. ಬೆರಳಲ್ಲಿ ನೀರಿನ ಪಸೆಯೂ ಇರಬಾರದು, ಕೊಬ್ಬರಿ ಎಣ್ಣೆಯ ಜಿಡ್ಡೂ ಇರಬಾರದು. ಬಂದಿರಾ? ಈಗ ಮೇಜಿನ ಮೇಲಿರುವ ಈ ಕಂದು ಜಾಕೆಟ್ಟಿನ ತೋಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಸವರಿ. ತೆಳುವಾದ ಬಟ್ಟೆಯ ಕೆಳಗೆ ರಾಗಿ ಹರಡಿ ಮೇಲೆ ಕೈಯಾಡಿಸಿದ ಹಾಗೆ ಸಣ್ಣ ಸಣ್ಣ ಉಬ್ಬುಗಳು ಸಿಗುತ್ತವೆ. ಅದು ಆಡಿನ ಚರ್ಮದ ಗುರುತು. ದನದ ಚರ್ಮ ಹೀಗಿರುವುದಿಲ್ಲ. ಕುದುರೆಯ ಚರ್ಮವಂತೂ ನುಣುಪಾಗಿ ಹೊಳೆಯುತ್ತದೆ. ಇಸವಿ, ಬೆಲೆ, ಕಂಪನಿಯ ಹೆಸರು ಎಲ್ಲ ಆಮೇಲೆ. ಈ ಹವ್ಯಾಸಕ್ಕೆ ಬರುವವರಿಗೆ ನಾನು ಕೊಡುವ ಮೊದಲ ಪಾಠ ಬೆರಳಿನದು.

ಗುಂಡ್ಲುಪೇಟೆಯಲ್ಲಿ ಕೂತ ನಿವೃತ್ತ ಮೇಷ್ಟರಿಗೆ ಅಮೆರಿಕದ ನೌಕಾಪಡೆಯ ಜಾಕೆಟ್ಟಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ನಮ್ಮೂರು ಊಟಿಯ ರಸ್ತೆ ಮತ್ತು ಕೇರಳದ ರಸ್ತೆ ಕವಲೊಡೆಯುವ ಜಾಗ. ಚಳಿಗಾಲದ ಶನಿವಾರಗಳಲ್ಲಿ ಬೆಂಗಳೂರಿನ ಬೈಕಿನ ಹುಡುಗರು ಇಲ್ಲಿ ಟೀ ಕುಡಿಯಲು ನಿಲ್ಲುತ್ತಾರೆ. ಹತ್ತರಲ್ಲಿ ಇಬ್ಬರ ಮೈಮೇಲಾದರೂ ತುಪ್ಪಳದ ಕಾಲರಿನ ಕಂದು ಜಾಕೆಟ್ಟು ಇರುತ್ತದೆ. ಆ ಅಂಗಿಯ ಅಜ್ಜ ಯಾರು, ಕಾಲರಿಗೆ ತುಪ್ಪಳ ಏಕೆ, ಬೆನ್ನಿನಲ್ಲಿ ಆ ಮಡಿಕೆ ಏಕೆ ಎಂದು ಕೇಳಿದರೆ ಯಾರೂ ಹೇಳರು. ಮೇಷ್ಟರ ಬಾಯಿಗೆ ಅಷ್ಟು ಸಾಕಲ್ಲ!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಹಿರಿಯ ಹೆಂಗಸರ ಬಾಯಲ್ಲಿ ಜಾಕೀಟು ಎಂದರೆ ರವಿಕೆ. ನಾನು ಮನೆಗೆ ಹಳೇ ಜಾಕೆಟ್ಟು ತರಿಸುತ್ತೇನೆ ಎಂದಾಗ ನನ್ನ ತಾಯಿ ಯಾರದಪ್ಪಾ ಎಂದು ಗಾಬರಿಯಾಗಿದ್ದರು. ಇಲ್ಲಿ ನಾನು ಹೇಳುವುದು ಸೊಂಟದವರೆಗೆ ಬರುವ, ಮುಂದೆ ಜಿಪ್ಪಿರುವ, ವಿಮಾನ ಓಡಿಸುವವರಿಗೆಂದೇ ಹೊಲಿದ ಚರ್ಮದ ಮೇಲಂಗಿ.

ಇನ್ನು ಹುಟ್ಟಿನ ಮಾತು. ವಿಮಾನ ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಪ್ರತಿ 1000 ಮೀಟರಿಗೆ ಸುಮಾರು ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬುದು ಸ್ಥೂಲ ಲೆಕ್ಕ. ಇದನ್ನು ತಿಳಿಯಲು ವಿಮಾನ ಹತ್ತಬೇಕಿಲ್ಲ. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ, ಊಟಿ ಸುಮಾರು 2200 ಮೀಟರ್. ನಡುವೆ ಒಂಬತ್ತು ಡಿಗ್ರಿಯ ವ್ಯತ್ಯಾಸ. ಬಸ್ಸಿನಲ್ಲಿ ಹೋಗುವಾಗ ಕಿಟಕಿ ಮುಚ್ಚಿ ಎಂದು ಹಿಂದಿನ ಸೀಟಿನವರು ಕೂಗತೊಡಗುವುದು ಈ ಲೆಕ್ಕದ ಮೇಲೆಯೇ. ನೆಲದಲ್ಲಿ ಮೂವತ್ತು ಡಿಗ್ರಿ ಸೆಕೆ ಇದ್ದರೂ 3000 ಮೀಟರ್ ಮೇಲೆ ಹಾರುವವನಿಗೆ ಹತ್ತು ಡಿಗ್ರಿ. ಹಿಂದಿನ ವಿಮಾನಗಳಲ್ಲಿ ಚಾಲಕನ ತಲೆಯ ಮೇಲೆ ಮುಚ್ಚಳವೂ ಇರುತ್ತಿರಲಿಲ್ಲ, ಗಾಳಿ ನೇರ ಎದೆಗೆ ಬಡಿಯುತ್ತಿತ್ತು. ಉಣ್ಣೆಯ ಹೆಣಿಗೆಯೊಳಗೆ ಗಾಳಿ ತೂರುತ್ತದೆ, ಚರ್ಮದೊಳಗೆ ತೂರುವುದಿಲ್ಲ. ಹೀಗೆ ಬಂತು ಚರ್ಮದ ಅಂಗಿ.

ಅಮೆರಿಕದ ನೌಕಾಪಡೆ ತನ್ನ ವೈಮಾನಿಕರಿಗೆ ಕೊಟ್ಟ ಜಾಕೆಟ್ಟಿಗೆ ಮೂರು ಹೆಸರುಗಳಿವೆ. ಈ ಮೂರನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಗೊಂದಲ ಕಳೆದಂತೆ. ಮೊದಲನೆಯದು ಎಂ-422, ಬೆನ್ನಿಗೇ ಬಂದದ್ದು ಎಂ-422ಎ. 1940ರ ಹೊತ್ತಿನದು. ಇದು ನಿಜಕ್ಕೂ ಹೆಸರಲ್ಲ, ಕಟ್ಟಳೆಯ ಸಂಖ್ಯೆ. ಕಟ್ಟಳೆ ಎಂದರೆ ಯಾವ ಚರ್ಮ, ಎಷ್ಟು ಜೇಬು, ಯಾವ ಬಣ್ಣ ಎಂದು ಸರ್ಕಾರ ಹೊಲಿಯುವ ಕಂಪನಿಗಳಿಗೆ ಬರೆದುಕೊಡುವ ಪಟ್ಟಿ. ವಿಲ್ಲಿಸ್ ಅಂಡ್ ಗೈಗರ್, ಮೊನಾರ್ಕ್, ಗಾರ್ಡನ್ ಅಂಡ್ ಫರ್ಗುಸನ್ ಮುಂತಾದ ಹಲವು ಕಂಪನಿಗಳು ಒಂದೇ ಪಟ್ಟಿ ಹಿಡಿದು ಹೊಲಿದವು. ಆದರೂ ಕಾಲರಿನ ಅಗಲ, ಜೇಬಿನ ಮುಚ್ಚಳದ ಬಾಗು ಕಂಪನಿಯಿಂದ ಕಂಪನಿಗೆ ಬೇರೆ. ಒಂದೇ ಅಳತೆ ಕೊಟ್ಟರೂ ಇಬ್ಬರು ದರ್ಜಿಗಳ ಅಂಗಿ ಒಂದೇ ಆಗುವುದುಂಟೇ? ಎರಡನೆಯ ಹೆಸರು ಎಎನ್-ಜೆ-3. ಎರಡನೇ ಮಹಾಯುದ್ಧದ ನಡುವೆ ಭೂಸೇನೆ, ನೌಕಾಪಡೆ ಎರಡಕ್ಕೂ ಒಂದೇ ಮಾದರಿ ಇರಲಿ ಎಂದು ಮಾಡಿದ್ದು. ಮೂರನೆಯದು ಜಿ-1, ಯುದ್ಧ ಮುಗಿದ ಮೇಲಿನದು; 1947ರ ಕಟ್ಟಳೆಯಿಂದ ಆ ಹೆಸರು ನೆಲೆಯಾಯಿತು. 1986ರ ‘ಟಾಪ್ ಗನ್’ ಸಿನಿಮಾದಲ್ಲಿ ಟಾಮ್ ಕ್ರೂಸ್ ತೊಟ್ಟು ಊರಿಗೆಲ್ಲ ಹುಚ್ಚು ಹಿಡಿಸಿದ್ದು ಇದನ್ನೇ. ಆದ್ದರಿಂದ ಯುದ್ಧಕಾಲದ್ದು ಎನ್ನಿಸಿಕೊಳ್ಳುವ ಹಕ್ಕು ಮೊದಲ ಎರಡಕ್ಕೆ ಮಾತ್ರ. ಇದನ್ನು ಗಟ್ಟಿಯಾಗಿ ನೆನಪಿಡಿ. ನಾನು ನೆನಪಿಡದೆ ಕೈ ಸುಟ್ಟುಕೊಂಡ ಕಥೆ ಮುಂದೆ ಬರುತ್ತದೆ.

ಆ ಯುದ್ಧ ನಮಗೆ ದೂರದ್ದಾಗಿರಲಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಇಂದಿನ ಎಚ್‌ಎಎಲ್ ಅದೇ. 1943ರಲ್ಲಿ ಅದರ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, ಕಾರ್ಖಾನೆಗೆ 84ನೇ ಏರ್ ಡಿಪೋ ಎಂದು ಹೆಸರಾಯಿತು. ಅಲ್ಲಿ ಮೊದಲು ಬಿಚ್ಚಿ ಜೋಡಿಸಿದ್ದು ಕ್ಯಾಟಲಿನಾ ಎಂಬ ವಿಮಾನ. ನೀರಿನ ಮೇಲೆ ಇಳಿದು ನೀರಿನಿಂದಲೇ ಏಳುವ, 104 ಅಡಿ ರೆಕ್ಕೆಯ ಈ ದೋಣಿವಿಮಾನ ಅಮೆರಿಕದ ನೌಕಾಪಡೆಗೆಂದೇ ರೂಪುಗೊಂಡದ್ದು. ಬೆಳ್ಳಂದೂರು ಕೆರೆಯ ಮೇಲೆ ಕ್ಯಾಟಲಿನಾಗಳು ಇಳಿಯುತ್ತಿದ್ದವು ಎಂದರೆ ಇಂದು ಆ ಕೆರೆಯ ನೊರೆ ನೋಡಿದವರು ನಂಬುವುದು ಕಷ್ಟ. ಪೆಸಿಫಿಕ್ ಸಾಗರದಲ್ಲಿ ಇವೇ ವಿಮಾನಗಳಲ್ಲಿ ಹಗಲುರಾತ್ರಿ ಗಸ್ತು ಹಾರಿದ ನೌಕಾಪಡೆಯವರ ಮೈಮೇಲೆ ಇದ್ದದ್ದು ಎಂ-422ಎ.

ಬೆಂಗಳೂರಿನಲ್ಲಿದ್ದ ಅಮೆರಿಕನ್ನರು ಸೇನೆಯವರಾದ್ದರಿಂದ ಅವರ ಜಾಕೆಟ್ಟು ಬೇರೆ. ಅದರ ಹೆಸರು ಎ-2. 1931ರಲ್ಲಿ ಒಪ್ಪಿದ ಮಾದರಿ. ಅದು ಹೆಚ್ಚಾಗಿ ಕುದುರೆಯ ಚರ್ಮದ್ದು, ಶರ್ಟಿನಂಥ ಚರ್ಮದ ಕಾಲರು, ತುಪ್ಪಳ ಇಲ್ಲ. ಹೊಸಬರು ಸೇನೆಯದನ್ನೂ ನೌಕಾಪಡೆಯದನ್ನೂ ಒಂದೇ ಎಂದುಕೊಳ್ಳುತ್ತಾರೆ. ಕಾಲರು ನೋಡಿ, ಚರ್ಮ ಸವರಿ. ಎರಡು ಗಳಿಗೆಯಲ್ಲಿ ಬೇರೆಯಾಗುತ್ತವೆ.

ಈಗ ನೌಕಾಪಡೆಯ ಜಾಕೆಟ್ಟನ್ನು ಭಾಗಭಾಗವಾಗಿ ನೋಡೋಣ. ನೀವು ಹಿಡಿದಿರುವುದು ಜಪಾನಿನಲ್ಲಿ ಹೊಲಿದ ಪ್ರತಿರೂಪ, ಅಂದರೆ ಹಳೆಯದನ್ನು ನೋಡಿ ಹಾಗೇ ಮಾಡಿದ ಹೊಸದು. ಆದ್ದರಿಂದ ಹೆದರದೆ ತಿರುಗಿಸಿ. ಕಾಲರು ಕುರಿಯ ತುಪ್ಪಳದ್ದು. ಇದಕ್ಕೆ ಮೂಟಾನ್ ಎನ್ನುತ್ತಾರೆ: ಉಣ್ಣೆ ಸಮೇತ ಹದ ಮಾಡಿದ ಕುರಿ ಚರ್ಮ, ಉಣ್ಣೆಯನ್ನು ಸಮವಾಗಿ ಕತ್ತರಿಸಿ, ಗುಂಗುರು ಬಿಡಿಸಿ, ಬಣ್ಣ ಹಾಕಿದ್ದು. ಕಾಲರು ಎತ್ತಿ ಕುತ್ತಿಗೆಗೆ ಸುತ್ತಿದರೆ ಮಫ್ಲರ್ ಬೇಡ. ತೋಳಿನ ತುದಿಗೂ ಸೊಂಟಕ್ಕೂ ಹೆಣೆದ ಉಣ್ಣೆಯ ಪಟ್ಟಿ; ಗಾಳಿ ಕೆಳಗಿನಿಂದ ನುಗ್ಗಬಾರದೆಂದು. ಸೊಂಟದಲ್ಲೇ ನಿಲ್ಲುವಷ್ಟು ಗಿಡ್ಡ ಏಕೆಂದರೆ ವೈಮಾನಿಕ ಕೂತೇ ಕೆಲಸ ಮಾಡುವವನು, ಉದ್ದವಾದರೆ ಮಡಿಲಲ್ಲಿ ಮುದ್ದೆಯಾಗುತ್ತದೆ. ಜಿಪ್ಪಿನ ಹಿಂದೆ ಒಂದು ಉದ್ದನೆಯ ಚರ್ಮದ ಪಟ್ಟಿ ಇದೆ ನೋಡಿ, ಅದು ಗಾಳಿಪಟ್ಟಿ. ಜಿಪ್ಪಿನ ಹಲ್ಲುಗಳ ನಡುವೆ ತೂರುವ ಗಾಳಿಯನ್ನು ಅದು ತಡೆಯುತ್ತದೆ.

ಬೆನ್ನು ತಿರುಗಿಸಿ. ಎರಡು ಭುಜದ ಹಿಂದೆ ಒಂದೊಂದು ಆಳವಾದ ಮಡಿಕೆ ಇದೆ. ತೊಟ್ಟುಕೊಂಡು ಕೈ ಮುಂದಕ್ಕೆ ಚಾಚಿದರೆ ಆ ಮಡಿಕೆಗಳು ಬಿಚ್ಚಿಕೊಳ್ಳುತ್ತವೆ, ಇಳಿಸಿದರೆ ಮುಚ್ಚಿಕೊಳ್ಳುತ್ತವೆ. ವಿಮಾನ ನಡೆಸುವ ಸನ್ನೆಕೋಲು ಹಿಡಿಯಲು ಕೈ ಚಾಚಿದಾಗ ಅಂಗಿ ಬೆನ್ನನ್ನು ಬಿಗಿಯಬಾರದು. ನನ್ನ ಕೇಳಿದರೆ ಇಡೀ ಜಾಕೆಟ್ಟಿನಲ್ಲಿ ಅತ್ಯಂತ ಬುದ್ಧಿವಂತ ಹೊಲಿಗೆ ಇದು. ಬೈಕಿನವರಿಗೆ ಈ ಅಂಗಿ ಅಷ್ಟು ಒಪ್ಪುವುದಕ್ಕೂ ಇದೇ ಕಾರಣ. ಮುಂದೆ ಎರಡು ದೊಡ್ಡ ಜೇಬು, ಗುಂಡಿ ಹಾಕುವ ಮುಚ್ಚಳ. ಎಡ ಜೇಬಿನ ಮುಚ್ಚಳದ ಪಕ್ಕದಲ್ಲಿ ಬೆರಳಗಲದ ಒಂದು ಕಂಡಿ ಬಿಟ್ಟಿದ್ದಾರೆ. ಅದು ಪೆನ್ಸಿಲ್ಲಿಗೆ.

ನನ್ನ ಅಣ್ಣನ ಮಗ ಸ್ಯಾನ್ ಡಿಯಾಗೋದಲ್ಲಿದ್ದಾನೆ. ಅವನ ಬಳಿ ನಿಜವಾದ ಒಂದು ಎಂ-422ಎ ಇದೆ. ಹಿಂದೊಮ್ಮೆ ಊರಿಗೆ ಬಂದಾಗ ತಂದು, “ಚಿಕ್ಕಪ್ಪ, ಹಿಡಕೊಳ್ಳಿ” ಎಂದು ಮಡಿಲಲ್ಲಿಟ್ಟ. ಕತ್ತಿನ ಪಟ್ಟಿಯ ಕೆಳಗೆ ಹೊಲಿದ ಬಟ್ಟೆಯ ಚೀಟಿಯಲ್ಲಿ ಕಟ್ಟಳೆಯ ಸಂಖ್ಯೆ, ಗುತ್ತಿಗೆಯ ಸಂಖ್ಯೆ, ಅಳತೆ 38. ಕಾಲರಿನ ತಳಭಾಗದಲ್ಲಿ ಯು.ಎಸ್.ಎನ್. ಎಂದು ಅಚ್ಚು ಹಾಕಿದ ಬಣ್ಣ ಮುಕ್ಕಾಲು ಅಳಿಸಿತ್ತು. ಯುನೈಟೆಡ್ ಸ್ಟೇಟ್ಸ್ ನೇವಿ ಎಂಬುದರ ಮೊದಲಕ್ಷರಗಳು. ಒಳಗಿನ ಅಸ್ತರು ಕೆಂಗಂದು ರೇಯಾನಿನದು, ಕಂಕುಳಲ್ಲಿ ಜೀರ್ಣವಾಗಿತ್ತು. ನಾನು ಬಹಳ ಹೊತ್ತು ನೋಡಿದ್ದು ಆ ಪೆನ್ಸಿಲ್ ಕಂಡಿಯನ್ನು. ಅದರ ಅಂಚಿನಲ್ಲಿ ಚರ್ಮ ಸವೆದು, ಸೀಸದ ಕಪ್ಪು ಹತ್ತಿ, ಸ್ಲೇಟಿನಂತೆ ಮಿರುಗುತ್ತಿತ್ತು. ಯಾರೋ ಬರೆದಿದ್ದಾರೆ, ದಿನವೂ ಬರೆದಿದ್ದಾರೆ.

ಈಗ ಚರ್ಮದ ಹದಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಬೇಸರಪಡಬೇಡಿ. ಹಸಿ ಚರ್ಮ ಕೊಳೆಯುತ್ತದೆ, ಒಣಗಿದರೆ ಹಪ್ಪಳದಂತೆ ಮುರಿಯುತ್ತದೆ. ಕೊಳೆಯದ, ಬಾಗುವ ವಸ್ತುವಾಗಿ ಅದನ್ನು ಮಾರ್ಪಡಿಸುವ ಕೆಲಸಕ್ಕೆ ಹದ ಮಾಡುವುದು ಎಂದು ಹೆಸರು. ಹೊಲಕ್ಕೂ ಹದ, ಅಡುಗೆಗೂ ಹದ, ಚರ್ಮಕ್ಕೂ ಹದ. ಹದದಲ್ಲಿ ಮುಖ್ಯವಾಗಿ ಎರಡು ಬಗೆ. ಹಳೆಯದು ಗಿಡದ ಹದ. ಕೆಲವು ಮರಗಿಡಗಳ ತೊಗಟೆ, ಕಾಯಿಗಳಲ್ಲಿ ಒಗರು ಇರುತ್ತದೆ, ಅದಕ್ಕೆ ಟ್ಯಾನಿನ್ ಎನ್ನುತ್ತಾರೆ. ಆ ಒಗರಿನ ನೀರಿನಲ್ಲಿ ಚರ್ಮವನ್ನು ವಾರಗಟ್ಟಲೆ ನೆನೆಸಿದರೆ ಒಗರು ಚರ್ಮದ ನಾರುಗಳನ್ನು ಹಿಡಿದು ಕಟ್ಟುತ್ತದೆ.

ಇದನ್ನು ನಾನು ನಿಮಗೆ ಇಲ್ಲಿಯೇ ತೋರಿಸಬಲ್ಲೆ. ಚಾಮರಾಜನಗರದ ರಸ್ತೆಯ ಬದಿಯ ಒಣಭೂಮಿಯಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ ಆವರಿಕೆ, ಕೆಲವರು ತಂಗಡಿ ಎನ್ನುತ್ತಾರೆ, ಅದರ ತೊಗಟೆ ದಕ್ಷಿಣ ಭಾರತದ ಚರ್ಮ ಹದಗಾರರ ಹಳೆಯ ಸಾಮಗ್ರಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನಿಂದ ಆಯ್ದು ತರುವ ಅಳಲೆಕಾಯಿಯೂ ಹದಕ್ಕೇ ಹೋಗುತ್ತಿತ್ತು. ಕೆಮ್ಮಿಗೆ ಅಳಲೆಕಾಯಿ ಬಾಯಲ್ಲಿಟ್ಟುಕೊಂಡವರಿಗೆ ಒಗರು ಎಂದರೇನು ಎಂದು ಹೇಳಬೇಕಾಗಿಲ್ಲ. ಆ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳು ಆಡಿನ ಚರ್ಮವನ್ನು ಹೆಚ್ಚಾಗಿ ಹೊರದೇಶಗಳಿಂದಲೇ ತರಿಸುತ್ತಿದ್ದವು, ಭಾರತ ಅವುಗಳಲ್ಲಿ ದೊಡ್ಡದು. ಇಷ್ಟೆಲ್ಲ ತಿಳಿದೂ ನಾವು ಹದ ಮಾಡುವ ಕೈಗಳನ್ನು ಊರ ಹೊರಗಿಟ್ಟು, ಹದವಾದ ಅಂಗಿಯನ್ನು ಮಾತ್ರ ಶೋಕಿಗೆ ತೊಡುತ್ತೇವೆ. ಈ ಮಾತು ಪಾಠದ ಹೊರಗಿನದು. ಆದರೆ ಜಾತಿಭೇದ ಮೀರಿದ ಸಂತರಾದ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ನೆಲದಲ್ಲಿ ಕೂತು ಹೇಳದೆ ಬಿಡಲಾರೆ.

ಎರಡನೆಯದು ಕ್ರೋಮ್ ಹದ. ಕ್ರೋಮಿಯಂ ಎಂಬ ಲೋಹದ ಉಪ್ಪಿನಿಂದ ವಾರಗಳ ಕೆಲಸ ಒಂದೆರಡು ದಿನದಲ್ಲಿ ಮುಗಿಯುತ್ತದೆ. ನಮ್ಮ ಕಡೆ ಇದಕ್ಕೆ ದಾರಿ ಮಾಡಿದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮುಖ್ಯರು. ಮದರಾಸಿನಲ್ಲಿ ಪ್ರಯೋಗ ನಡೆಸಿ, ಆಮೇಲೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾದರು. ಎರಡು ಹದಗಳನ್ನು ಬೇರೆ ಮಾಡಿ ತಿಳಿಯಲು ಚರ್ಮದ ಕತ್ತರಿಸಿದ ಅಂಚು ನೋಡಬೇಕು. ಗಿಡದ ಹದವಾದರೆ ಅಂಚಿನ ನಡುವಿನವರೆಗೂ ಕಂದು. ಕ್ರೋಮ್ ಆದರೆ ನಡುವೆ ನೀಲಿ ಬೆರೆತ ಬೂದು ಗೆರೆ. ಯುದ್ಧಕಾಲದ ಜಾಕೆಟ್ಟುಗಳಲ್ಲಿ ಎರಡೂ ಸಿಗುತ್ತವೆ. ಗಿಡದ ಹದದ್ದು ತೊಟ್ಟಷ್ಟೂ ಮೆತ್ತಗಾಗಿ, ಮೊಣಕೈಯಲ್ಲಿ ಬಣ್ಣ ಬಿಟ್ಟು, ಒಳಗಿನ ಜೇನು ಬಣ್ಣ ಇಣುಕುತ್ತದೆ. ಆ ಸವೆತಕ್ಕೇ ಸಂಗ್ರಾಹಕರು ಮರುಳಾಗುವುದು.

ಚರ್ಮದ ಮಾತು ಬಂದದ್ದರಿಂದ ಒಂದು ಎಚ್ಚರ. ಬಂಡೀಪುರದ ಅಂಚಿನ ಊರುಗಳಲ್ಲಿ ಅಜ್ಜನ ಕಾಲದ ಜಿಂಕೆ ಚರ್ಮ ಅಟ್ಟದಲ್ಲಿದೆ ಎಂದು ಹೇಳುವವರು ಈಗಲೂ ಸಿಗುತ್ತಾರೆ. ಅದರ ಹತ್ತಿರವೂ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಕೊಳ್ಳುವುದು, ಮಾರುವುದು ಅಪರಾಧ. ನಮ್ಮ ಹವ್ಯಾಸ ಆಡು, ಕುರಿ, ಕುದುರೆಯಾಚೆ ದಾಟುವುದಿಲ್ಲ.

ಈಗ ನನ್ನ ಪೆಟ್ಟಿನ ಕಥೆ. ಆರಂಭದ ದಿನಗಳಲ್ಲಿ ಒಬ್ಬ ವ್ಯಾಪಾರಿ ಯುದ್ಧಕಾಲದ್ದು ಎಂದು ಹೇಳಿ ಒಂದು ಜಾಕೆಟ್ಟು ಕೊಟ್ಟ. ಚೀಟಿ ಹರಿದುಹೋಗಿತ್ತು, ಎದೆಯ ಮೇಲೆ ದೊಡ್ಡ ಲಾಂಛನ ಹೊಲಿದಿತ್ತು, ಬೆಲೆಯೂ ಅಷ್ಟೇ ದೊಡ್ಡದು. ಮನೆಗೆ ತಂದು ಎಲ್ಲರಿಗೂ ತೋರಿಸಿ ಮೆರೆದೆ. ನಮ್ಮ ಅತ್ತಿಗೆ ಚಾಮರಾಜನಗರದಲ್ಲಿ ಬಹಳ ವರ್ಷ ರೇಷ್ಮೆ ಬಿಚ್ಚಾಣಿಕೆ ಮಾಡಿದವರು, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ. ಅವರು ಕಾಲರಿನಿಂದ ನಾಲ್ಕು ಎಳೆ ತುಪ್ಪಳ ಕಿತ್ತು, ಹೊರಗೆ ಹೋಗಿ ಬೆಂಕಿಕಡ್ಡಿ ಗೀರಿದರು. ರೇಷ್ಮೆಯನ್ನೂ ಉಣ್ಣೆಯನ್ನೂ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದು ಕರಗಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು. “ಇದು ಉಣ್ಣೆ ಅಲ್ಲ ಕಣಪ್ಪ, ಪ್ಲಾಸ್ಟಿಕ್ಕು” ಎಂದು ಮಣಿಯನ್ನು ನನ್ನ ಅಂಗೈಗೆ ಹಾಕಿ ಒಳಗೆ ಹೋದರು. ಹೊಲಿಗೆಯ ದಾರವೂ ಹಾಗೇ ಕರಗಿತು, ಪಾಲಿಯೆಸ್ಟರು. ಆ ದಾರ ಅಂಗಡಿಗಳಿಗೆ ಬಂದದ್ದೇ 1950ರ ದಶಕದಲ್ಲಿ. ಯುದ್ಧಕಾಲದ ಜಾಕೆಟ್ಟಿನ ಹೊಲಿಗೆ ಹತ್ತಿಯ ದಾರದ್ದು. ಅಂದರೆ ನನ್ನದು ಬಹಳ ಈಚಿನ ಜಿ-1. ಗಾಳಿಪಟ್ಟಿಯ ಮೇಲೆ ಸಣ್ಣ ತೂತುಗಳಿಂದ ಬಿಡಿಸಿದ ಯುಎಸ್‌ಎನ್ ಅಕ್ಷರಗಳು ಮೊದಲ ದಿನದಿಂದಲೂ ಅಲ್ಲೇ ಇದ್ದವು, ಅದು ಜಿ-1ರ ರೂಢಿ. ನನ್ನ ಕಣ್ಣು ಲಾಂಛನದ ಮೇಲಿತ್ತು.

ಆದ್ದರಿಂದ ಕೊಳ್ಳುವ ಮುನ್ನ ನೋಡುವ ಕ್ರಮ ಹೇಳುತ್ತೇನೆ. ಚರ್ಮ ಸವರಿ. ಚೀಟಿಯ ಅಕ್ಷರ ಓದಿ, ಅದರ ಸುತ್ತಲಿನ ಹೊಲಿಗೆ ಮೂಲದ್ದೋ ಆಮೇಲೆ ಹಾಕಿದ್ದೋ ನೋಡಿ. ಜಿಪ್ಪು ಲೋಹದ್ದಿರಬೇಕು, ಎಳೆಯುವ ತುಂಡಿನ ಮೇಲೆ ಟ್ಯಾಲನ್, ಕಾನ್‌ಮಾರ್, ಕ್ರೌನ್ ಎಂಬ ಹೆಸರುಗಳಲ್ಲಿ ಒಂದು ಇದ್ದರೆ ಸಮಾಧಾನ. ಸೊಂಟದ, ತೋಳಿನ ಉಣ್ಣೆಪಟ್ಟಿ ಹೊಸದಾಗಿ ಹಾಕಿದ್ದರೆ ಅದು ದೋಷವಲ್ಲ. ನುಸಿ ತಿನ್ನದ ಮೂಲ ಪಟ್ಟಿ ಅಪರೂಪ. ಬದಲಿಸಿದ್ದನ್ನು ಬಚ್ಚಿಟ್ಟರೆ ಮಾತ್ರ ದೋಷ. ಲಾಂಛನವನ್ನು ಕೊನೆಗೆ ನೋಡಿ. ಬೆಲೆ ಏರಿಸಲು ಹಳೆಯ ಅಂಗಿಗೆ ಹೊಸ ಲಾಂಛನ ಹೊಲಿಯುವವರು ಇದ್ದಾರೆ. ಬಹುಕಾಲ ಇದ್ದ ಲಾಂಛನದ ಕೆಳಗೆ ಚರ್ಮದ ಬಣ್ಣ ಗಾಢವಾಗಿ ಉಳಿದಿರುತ್ತದೆ, ಗೋಡೆಯ ಹಳೆಯ ಕ್ಯಾಲೆಂಡರ್ ತೆಗೆದಾಗ ಕಾಣುವ ಚೌಕದ ಹಾಗೆ. ಎದೆಯ ಮೇಲೆ ಒಬ್ಬ ವೈಮಾನಿಕನ ಹೆಸರಿನ ಚರ್ಮದ ಪಟ್ಟಿ ಇದ್ದರೆ ಅದನ್ನು ಕೀಳಬೇಡಿ, ನಿಮ್ಮ ಹೆಸರು ಹಾಕಿಸಿಕೊಳ್ಳಲೂ ಬೇಡಿ.

ಬೆಲೆಯ ವಿಷಯದಲ್ಲಿ ನಾನು ಹೊಸಬರಿಗೆ ಮೂಲ ಎಂ-422ಎ ಬೇಡ ಎನ್ನುತ್ತೇನೆ. ಒಳ್ಳೆಯ ಸ್ಥಿತಿಯದ್ದು ಲಕ್ಷದ ಆಸುಪಾಸಿನ ಮಾತು, ಮೇಲಾಗಿ ತೊಡಲು ಭಯ. 1950, 60ರ ದಶಕದ ಜಿ-1 ಒಂದು ಸಿಕ್ಕರೆ ಅದರಿಂದ ಆರಂಭಿಸಿ. ಹೊಲಿಗೆಯ ಗುಣ ಯುದ್ಧಕಾಲಕ್ಕೆ ಹತ್ತಿರ. ಅದೂ ಆಗದಿದ್ದರೆ ಜಪಾನಿನ ರಿಯಲ್ ಮೆಕಾಯ್ಸ್, ಬಝ್ ರಿಕ್ಸನ್ಸ್, ಇಂಗ್ಲೆಂಡಿನ ಈಸ್ಟ್‌ಮನ್ ಮುಂತಾದವರ ಪ್ರತಿರೂಪಗಳಿವೆ. ಅವೂ ಅಗ್ಗವಲ್ಲ, ಆದರೆ ಮಳೆಯಲ್ಲಿ ಸಿಕ್ಕಿಬಿದ್ದರೆ ಎದೆ ಒಡೆಯುವುದಿಲ್ಲ.

ಅಳತೆಯನ್ನು ಚೀಟಿ ನೋಡಿ ನಂಬಬೇಡಿ. ಆ ಕಾಲದ ಹುಡುಗರು ತೆಳ್ಳಗಿದ್ದರು, ಅಂಗಿಯನ್ನೂ ಮೈಗೆ ಹತ್ತಿಸಿ ಹೊಲಿಯುತ್ತಿದ್ದರು. ಜಾಕೆಟ್ಟನ್ನು ಹಾಸಿ, ಜಿಪ್ಪು ಹಾಕಿ, ಒಂದು ಕಂಕುಳಿಂದ ಇನ್ನೊಂದು ಕಂಕುಳವರೆಗೆ ಟೇಪು ಹಿಡಿದು ಎರಡರಿಂದ ಗುಣಿಸಿ. ನಿಮ್ಮ ಎದೆಯ ಸುತ್ತಳತೆಗಿಂತ ನಾಲ್ಕು ಇಂಚು ಹೆಚ್ಚಿದ್ದರೆ ಒಳಗೊಂದು ಶರ್ಟು ತೊಟ್ಟು ಕೈಯಾಡಿಸಬಹುದು. ಚೀಟಿಯ ಮೇಲೆ ಇಂಟರ್‌ಮೀಡಿಯೇಟ್ ಎಂದಿದ್ದರೆ ಅದು ಅಳತೆಯಲ್ಲ. ಕಡು ಚಳಿಗೂ ಅಲ್ಲದ, ಸೆಕೆಗೂ ಅಲ್ಲದ ನಡುವಣ ಹವೆಗೆ ಎಂದು ಅರ್ಥ. ನಮ್ಮೂರಿನ ಡಿಸೆಂಬರ್, ಜನವರಿಯ ಬೆಳಗುಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮೊದಲ ಬಸ್ಸಿನಲ್ಲಿ ಹೋಗಿ. 1454 ಮೀಟರ್ ಎತ್ತರದ ಆ ಮಂಜಿನಲ್ಲಿ ಕಾಲರು ಎತ್ತಿ ನಿಂತಾಗ ತುಪ್ಪಳ ಏಕೆಂದು ಕುತ್ತಿಗೆಗೆ ಅರ್ಥವಾಗುತ್ತದೆ. ಹತ್ತು ಗಂಟೆಗೆ ಕೆಳಗಿಳಿದು ಬರುವಷ್ಟರಲ್ಲಿ ಬಿಚ್ಚಿ ಕೈಮೇಲೆ ಹಾಕಿಕೊಂಡಿರುತ್ತೀರಿ, ಅಷ್ಟೇ ಅದರ ಅವಧಿ.

ಇಡುವ ಬಗೆ ತೊಡುವುದಕ್ಕಿಂತ ಮುಖ್ಯ. ಒಂದು ಮಳೆಗಾಲದಲ್ಲಿ ಧೂಳಾದೀತೆಂದು ನಾನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀರುವಿನಲ್ಲಿಟ್ಟೆ. ಆಯುಧಪೂಜೆಗೆ ತೆಗೆದರೆ ಮೈತುಂಬ ಬಿಳಿ ಬೂಷ್ಟು. ಚರ್ಮ ಉಸಿರಾಡಬೇಕು, ಹತ್ತಿಯ ಹಳೇ ಪಂಚೆಯ ಚೀಲ ಸಾಕು. ಅಗಲ ಭುಜದ ಮರದ ಹ್ಯಾಂಗರಿಗೆ ಹಾಕಿ, ತಂತಿಯದು ಭುಜವನ್ನು ಮೊನಚು ಮಾಡುತ್ತದೆ. ಬಿಸಿಲಿಗೆ ಒಡ್ಡಬೇಡಿ, ನೆರಳಿನ ಗಾಳಿಗೆ ತೂಗುಹಾಕಿ. ಎಣ್ಣೆ ಹಚ್ಚುವ ಆಸೆ ಎಲ್ಲರಿಗೂ ಬರುತ್ತದೆ, ಕೊಬ್ಬರಿ ಎಣ್ಣೆಯಂತೂ ಮನೆಯಲ್ಲೇ ಇರುತ್ತದೆ. ದಯವಿಟ್ಟು ಬೇಡ. ಅದು ಹೊಲಿಗೆಯ ದಾರಕ್ಕೆ ಇಳಿಯುತ್ತದೆ, ಮುಗ್ಗುತ್ತದೆ. ಉಣ್ಣೆಪಟ್ಟಿಗೆ ನುಸಿ ಬಾರದಂತೆ ಆಗಾಗ ಹೊರತೆಗೆದು ಕೊಡವಿ; ಕತ್ತಲೆಯಲ್ಲಿ ಅಲುಗಾಡದೆ ಬಿದ್ದಿರುವ ಉಣ್ಣೆಯೇ ನುಸಿಗೆ ಪ್ರಿಯ. ಗಿಡದ ಹದದ ಹಳೆಯ ಚರ್ಮ ಮುಟ್ಟಿದರೆ ಕೆಂಪು ಪುಡಿ ಉದುರುತ್ತಿದ್ದರೆ ಅದಕ್ಕೆ ಕೆಂಪು ಕೊಳೆ ಎಂದು ಹೆಸರು. ನಾರುಗಳೇ ಆಮ್ಲಕ್ಕೆ ಸಿಕ್ಕಿ ಕಳಚಿರುತ್ತವೆ. ಅಂಥದ್ದು ತೊಡಲು ಅಲ್ಲ, ನೋಡಲು ಮಾತ್ರ.

ಇವತ್ತಿಗೆ ಇಷ್ಟು ಸಾಕು. ಬೆಂಗಳೂರಿಗೆ ಹೋದಾಗ ಎಚ್‌ಎಎಲ್‌ನ ವಿಮಾನ ಸಂಗ್ರಹಾಲಯ ನೋಡಿಕೊಂಡು ಬನ್ನಿ. ಈ ಅಂಗಿ ತೊಟ್ಟವರು ಎಷ್ಟು ಇಕ್ಕಟ್ಟಿನಲ್ಲಿ ಕೂರುತ್ತಿದ್ದರು ಎಂಬುದು ಹಳೆಯ ವಿಮಾನಗಳನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಅದಕ್ಕೆ ಮೊದಲು ಒಂದು ಮನೆಪಾಠ. ನಿಮ್ಮ ಮನೆಯಲ್ಲಿ ಹರಿದ ಚರ್ಮದ ಚಪ್ಪಲಿ, ಬೆಲ್ಟು, ಪರ್ಸು ಏನಾದರೂ ಇದ್ದೇ ಇರುತ್ತದೆ. ಬ್ಲೇಡಿನಿಂದ ಒಂದು ತುದಿ ನೇರ ಕತ್ತರಿಸಿ, ಬೆಳಕಿಗೆ ಹಿಡಿದು, ನಡುವಿನ ಬಣ್ಣ ಕಂದೋ ಬೂದೋ ಬರೆದುಕೊಳ್ಳಿ. ಐದು ತುಂಡಾದರೂ ಆಗಲಿ. ಮುಂದಿನ ಭಾನುವಾರ ಬರುವಾಗ ತುಂಡುಗಳನ್ನೂ ತನ್ನಿ, ಒಟ್ಟಿಗೆ ನೋಡೋಣ.